ಮಗಳಿಗೆ ಶನಿ ತೋರ್ಸೋಕೆ 675 ಎಕ್ಸ್ ಟೆಲಿಸ್ಕೋಪ್ ತಗೊಳ್ಳೋದಾ, 100 ಎಕ್ಸ್ ಝೂಮ್ ಫೋನ್ ತಗೊಳ್ಳೋದಾ?

ನಿಮ್ಮ ಮಗಳು ಐದನೇ ಕ್ಲಾಸು, ಶನಿಯ ಬಳೆ ನೋಡ್ಲೇಬೇಕು ಅಂತ ಹಠ, ಬಜೆಟ್ 15 ಸಾವಿರ, ಟೆಲಿಸ್ಕೋಪ್ ಆಗ್ಲೇ ಕಾರ್ಟಲ್ಲಿದೆ, ನಿಮ್ಮ ಮನೆಯವ್ರು ಮಾತ್ರ "ಅದಕ್ಕೆ ಇನ್ನಷ್ಟು ಸೇರಿಸಿ ಝೂಮ್ ಫೋನ್ ತಗೊಂಡ್ರೆ ಎಲ್ರಿಗೂ ಉಪಯೋಗ" ಅಂತಿದಾರೆ. ನೀವ್ಯಾರೋ ನಂಗೊತ್ತಿಲ್ಲ, ಆದ್ರೆ ಇದು ನಮ್ಮನೆ ಮಾತೇ. ಮೊದ್ಲು ಆ ಕಾರ್ಟ್ ಖಾಲಿ ಮಾಡಿ, ಆಮೇಲೆ ಮುಂದೆ ಓದಿ.

2022ರ ದೀಪಾವಳಿ ಸೇಲಲ್ಲಿ ನಾನು ತಗೊಂಡಿದ್ದೂ ಅದೇ. 60 ಎಂಎಂ ಲೆನ್ಸು, 900 ಎಂಎಂ ಉದ್ದದ ಫೋಕಸ್ಸು, ಡಬ್ಬದ ಮೇಲೆ ಬಣ್ಣಬಣ್ಣದ ಶನಿ ಚಿತ್ರ, ಅದರ ಪಕ್ಕ ದಪ್ಪಕ್ಷರದಲ್ಲಿ 675 ಎಕ್ಸ್. ಅದೇ ರೇಟಿಗೆ 40 ಎಕ್ಸ್, 60 ಎಕ್ಸ್ ಅಂತ ಬರೆದಿದ್ದವೂ ಇದ್ವು, ನಾನು ಅವುನ್ನ ನೋಡಿ ನಕ್ಕು ಮುಂದೆ ಹೋದೆ, 675 ಬರೋ ಕಡೆ 60 ಯಾರಿಗ್ಬೇಕು ಅಂತ. ಅಮ್ಮ ಬೇರೆ "ಜನ ಶನಿ ಬಿಟ್ಟು ಹೋಗ್ಲಿ ಅಂತ ಎಳ್ಳುದೀಪ ಹಚ್ತಾರೆ, ಇವನು ದುಡ್ಡು ಕೊಟ್ಟು ಮನೆಗೆ ಕರೀತಾನೆ" ಅಂದ್ರು. ಆಗ ನಕ್ಕೆ.

ಡಬ್ಬ ಬಂದ ದಿನ ಸಂಜೆ ವಿಜಯನಗರದ ನಮ್ಮನೆ ತಾರಸಿಗೆ ಎದುರುಮನೆಯವ್ರು, ಮೇಲ್ಗಡೆ ಬಾಡಿಗೆಯವ್ರು, ಅವರ ಮಕ್ಕಳು ಎಲ್ರನ್ನೂ ಕರೆದೆ. ಶನಿ ದಕ್ಷಿಣಕ್ಕೆ ಚೆನ್ನಾಗಿ ಮೇಲಿದ್ದ. ಡಬ್ಬದಲ್ಲಿ 20 ಎಂಎಂದು ಒಂದು ಐಪೀಸು (ಕಣ್ಣಿಡೋ ಕಡೆ ಹಾಕೋ ಗಾಜು), 4 ಎಂಎಂದು ಒಂದು, 3 ಎಕ್ಸ್ ಬಾರ್ಲೋ ಅಂತ ಚಿತ್ರವನ್ನ ಇನ್ನೂ ಮೂರು ಪಟ್ಟು ಹಿಗ್ಗಿಸೋ ಒಂದು ಕೊಳವೆ ಇತ್ತು. ನಾನು ಸೀದಾ ಬಾರ್ಲೋ ಹಾಕಿ ಅದರ ಮೇಲೆ 4 ಎಂಎಂ ಕೂರಿಸ್ದೆ. ಯಾಕಂದ್ರೆ 675 ಅಲ್ಲೇ ತಾನೇ ಇರೋದು, ಅದಕ್ಕೇ ತಾನೇ ದುಡ್ಡು ಕೊಟ್ಟಿದ್ದು! ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ನಂಗೆ ಅವತ್ತು ಯಾರಾದ್ರೂ ಹೇಳಿದ್ರೆ ಎಷ್ಟೋ ಉಳೀತಿತ್ತು.

ಟೆಲಿಸ್ಕೋಪಿನ ಎಕ್ಸ್, ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು, ಬರೀ ಭಾಗಾಕಾರ, ಫೋಕಸ್ಸಿನ ಉದ್ದವನ್ನ ಐಪೀಸಿನ ಎಂಎಂನಿಂದ ಭಾಗಿಸೋದು. 900ನ 4ರಿಂದ ಭಾಗಿಸಿ, 225. ಅದಕ್ಕೆ ಬಾರ್ಲೋದ 3 ಗುಣಿಸಿ, 675. ಸುಳ್ಳಲ್ಲ, ಲೆಕ್ಕ ಸರಿಯಾಗೇ ಇದೆ, ಇನ್ನೂ ಸಣ್ಣ ಐಪೀಸ್ ಹಾಕಿದ್ರೆ ಸಾವಿರ ಎಕ್ಸ್ ಅಂತಲೂ ಬರೀಬಹುದು. ಆದ್ರೆ ಬೆಳಕು ಒಳಗೆ ಬರೋದು ಮುಂದಿನ 60 ಎಂಎಂ ಗಾಜಿಂದ, ಅದೇನು ಹೆಚ್ಚಾಗಲ್ವಲ್ಲ. ಒಂದು ಸೌಟು ಹಿಟ್ಟಲ್ಲಿ ಎಷ್ಟಗಲ ದೋಸೆ ಎಳೀಬಹುದೋ ಅಷ್ಟೇ, ಜಾಸ್ತಿ ಎಳೆದ್ರೆ ಹರಿಯುತ್ತೆ. ಹವ್ಯಾಸಿಗಳು ಇಟ್ಕೊಂಡಿರೋ ಲೆಕ್ಕ ಏನಂದ್ರೆ ಲೆನ್ಸಿನ ಅಗಲ ಎಷ್ಟು ಎಂಎಂ ಇದೆಯೋ ಅದರ ಎರಡರಷ್ಟು ಎಕ್ಸ್‌ವರೆಗೆ ಏನಾದ್ರೂ ಪ್ರಯೋಜನ, ಅಂದ್ರೆ ನನ್ನ ಡಬ್ಬಕ್ಕೆ 120, ಅದೂ ಗಾಳಿ ಅಲ್ಲಾಡದೆ ನಿಂತಿರೋ ರಾತ್ರಿ. ಅದರಾಚೆಗೆ ಚಿತ್ರ ದೊಡ್ಡದಾಗುತ್ತೆ, ಮಂಕಾಗುತ್ತೆ, ಹೊಸದಾಗಿ ಒಂದು ಗೆರೆಯೂ ಕಾಣಲ್ಲ.

ಇನ್ನೊಂದು ಕಾಟ, ನೋಡೋ ಜಾಗ ಕಿರಿದಾಗುತ್ತೆ. 675ರಲ್ಲಿ ಕಾಣೋ ಆಕಾಶ ಅಂದ್ರೆ ಹುಣ್ಣಿಮೆ ಚಂದ್ರನ ಅಗಲದಲ್ಲಿ ಏಳೆಂಟರಲ್ಲಿ ಒಂದು ಪಾಲು. ಭೂಮಿ ತಿರುಗ್ತಾನೇ ಇರುತ್ತಲ್ಲ, ಶನಿ ಈ ಕಡೆಯಿಂದ ಆ ಕಡೆ ಹದಿನೈದು ಸೆಕೆಂಡಲ್ಲಿ ದಾಟಿ ಹೋಗ್ತಾನೆ. ಅಷ್ಟರಲ್ಲಿ ನಾನು "ಸಿಕ್ತು ಸಿಕ್ತು ಬನ್ನಿ" ಅಂದು, ಎದ್ದು ಜಾಗ ಬಿಟ್ಟು, ಎದುರುಮನೆಯವ್ರು ಕನ್ನಡಕ ತೆಗೆದು ಬಗ್ಗಿ ಕಣ್ಣಿಡಬೇಕು. ಅವರ ಕೈ ತಗುಲಿದ್ರೆ ಮುಗೀತು, ಅಲ್ಯೂಮಿನಿಯಂ ಟ್ರೈಪಾಡು, ಕಾಲು ಕಡ್ಡಿ, ಮುಟ್ಟಿದ್ಮೇಲೆ ನಡುಗೋದು ನಿಲ್ಲೋಕೇ ನಾಕೈದು ಸೆಕೆಂಡು. ಇದರ ಮೇಲೆ ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಬಿಸಿಗಾಳಿ ಬಿಡ್ತಾ ಇರುತ್ತೆ, ಅದನ್ನೂ 675 ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ ಆ ಯಂತ್ರ. ಒಬ್ಬೊಬ್ಬರಾಗಿ ನೋಡಿದ್ರು. "ಬೆಳ್ಳಗೆ ಏನೋ ಅಲ್ಲಾಡ್ತು" ಅಂದ್ರು ಒಬ್ರು. "ನಂಗೆ ನನ್ನ ರೆಪ್ಪೆ ಕಾಣಿಸ್ತು" ಅಂದ್ರು ಇನ್ನೊಬ್ರು. ನನ್ನ ಮಗಳು ಏನೂ ಹೇಳ್ಲಿಲ್ಲ, ಕೆಳಗೆ ಹೋಗಿ ಟೀವಿ ಹಾಕಿದ್ಲು.

ಹೊಟ್ಟೆ ಉರಿಯೋ ವಿಷಯ ಇದಲ್ಲ. ಆ 20 ಎಂಎಂ ಐಪೀಸನ್ನ ನಾನು ಆಮೇಲೆ ತಿಂಗಳುಗಟ್ಟಲೆ ಪ್ಯಾಕೆಟ್ಟಿಂದ ತೆಗೀಲೇ ಇಲ್ಲ. 900 ಭಾಗಿಸು 20, 45 ಎಕ್ಸ್. ಅದರಲ್ಲಿ ನೋಡಿದ್ರೆ ಶನಿ ಚಿಕ್ಕದು, ಎಳ್ಳುಕಾಳಿನಷ್ಟು, ಆದ್ರೆ ಸುತ್ತ ಬಳೆ ಇದೆ ಅಂತ ಯಾರಿಗೆ ಬೇಕಾದ್ರೂ ಗೊತ್ತಾಗ್ತಿತ್ತು, ಮೂರ್ನಾಕು ನಿಮಿಷ ಕಣ್ಣೆದುರೇ ಇರ್ತಿದ್ದ ಕೂಡ. ಅಂದ್ರೆ ತಾರಸಿ ಮೇಲೆ ಅಷ್ಟು ಜನ ನಿಂತಿದ್ದಾಗ, ಬಳೆ ತೋರಿಸೋ ಗಾಜು ನನ್ನ ಜೇಬಲ್ಲೇ ಇತ್ತು. ಗೆಲಿಲಿಯೋ ಗುರುವಿನ ನಾಕು ಚಂದ್ರರನ್ನ 1610ರಲ್ಲಿ ಕಂಡಿದ್ದು ಸುಮಾರು 20 ಎಕ್ಸ್ ಕೊಳವೇಲಿ, ನಂಗೆ 675 ಬೇಕಾಗಿತ್ತು.

(ಮಧ್ಯೆ ಒಂದು ಮಾತು, ಇದನ್ನ ಮಾತ್ರ ಮರೀಬೇಡಿ. ಇಂಥ ಕೆಲವು ಡಬ್ಬಗಳಲ್ಲಿ ಐಪೀಸಿಗೆ ತಿರುಗಿಸಿ ಹಾಕೋ ಸಣ್ಣ ಕಪ್ಪು ಗಾಜು ಬರುತ್ತೆ, ಸೂರ್ಯನ್ನ ನೋಡೋಕೆ ಅಂತ. ಸುತ್ತಿಗೇಲಿ ಕುಟ್ಟಿ ಕಸಕ್ಕೆ ಹಾಕಿ. ಲೆನ್ಸು ಬಿಸಿಲನ್ನೆಲ್ಲ ಒಟ್ಟು ಮಾಡಿ ತಂದು ಬಿಡೋ ಕಡೆ ಅದು ಕೂತಿರುತ್ತೆ, ಕಾದು ಟಪ್ ಅಂತ ಸೀಳಿದ್ರೆ ಕಣ್ಣು ಹೋಯ್ತು ಅಂತಲೇ ಲೆಕ್ಕ. ಸೂರ್ಯನಿಗೆ ಫಿಲ್ಟರ್ ಹಾಕೋದು ಕೊಳವೆ ಮುಂದೆ, ಹಿಂದೆ ಅಲ್ಲ. ಆ ವರ್ಷ ಅಕ್ಟೋಬರ್ 25ಕ್ಕೆ ಸಂಜೆ ಸೂರ್ಯಗ್ರಹಣ ಇತ್ತು, ನಮ್ಮ ಡೆಲಿವರಿ ಅದು ಮುಗಿದ್ಮೇಲೆ ಬಂತು, ಪುಣ್ಯ.)

ಈಗ ಫೋನ್ ವಿಷಯ. ಅವತ್ತು ರಾತ್ರಿ ಎಲ್ರೂ ಇಳಿದು ಹೋಗೋವಾಗ ಬಾಡಿಗೆಯವ್ರ ಮಗ ತನ್ನ ಫೋನಲ್ಲಿ ಹಿಂದೆ ಯಾವಾಗ್ಲೋ ತೆಗೆದ ಚಂದ್ರನ ಫೋಟೋ ತೋರಿಸಿ, "ಅಂಕಲ್, ಇದರಲ್ಲೇ ಕುಳಿ ಎಲ್ಲ ಕಾಣುತ್ತಲ್ಲ" ಅಂದ. ನಿಜವಾಗ್ಲೂ ಕಾಣ್ತಿತ್ತು. ಸರಿ, ಫೋನೇ ಮೇಲು ಅಂತ ನಾನೂ ಮುಂದಿನ ಸಲ ದೊಡ್ಡ ಝೂಮಿಂದೇ ತಗೊಂಡೆ.

2023ರ ಮಾರ್ಚಲ್ಲಿ ರೆಡಿಟ್‌ನಲ್ಲಿ ಒಬ್ಬ ಒಂದು ಪರೀಕ್ಷೆ ಮಾಡಿ ಹಾಕಿದ್ದ, ಸುದ್ದಿ ಆಗಿತ್ತು. ಚಂದ್ರನ ಫೋಟೋ ಒಂದನ್ನ ಬೇಕಂತಲೇ ಕುಗ್ಗಿಸಿ, ಕುಳಿ ಒಂದೂ ಕಾಣದ ಹಾಗೆ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲಿಟ್ಟು, ಕೋಣೆ ಲೈಟ್ ಆರಿಸಿ ದೂರದಿಂದ ಸ್ಯಾಮ್‌ಸಂಗ್ ಫೋನಲ್ಲಿ ಝೂಮ್ ಮಾಡಿ ತೆಗೆದ. ಫೋಟೋದಲ್ಲಿ ಕುಳಿಗಳು ಬಂದ್ವು! ಪರದೆ ಮೇಲೆ ಇಲ್ಲದೇ ಇದ್ದಿದ್ದು. ಕಂಪನಿಯವ್ರು ಆಮೇಲೆ ತಾವೇ ವಿವರಿಸಿದ್ರು: ಝೂಮ್ 25 ಎಕ್ಸ್ ದಾಟಿದಾಗ ಕ್ಯಾಮೆರಾ ಇದು ಚಂದ್ರ ಅಂತ ಗುರುತಿಸುತ್ತೆ, ಹಲವು ಫ್ರೇಮ್ ಸೇರಿಸುತ್ತೆ, ಆಮೇಲೆ ಚಂದ್ರನ ಫೋಟೋಗಳಿಂದ ಕಲಿತ ಎಐ ವಿವರಗಳನ್ನ ತುಂಬುತ್ತೆ, ಬೇಡ ಅಂದ್ರೆ ಸೆಟ್ಟಿಂಗಲ್ಲಿ ಆಫ್ ಮಾಡ್ಕೊಳ್ಳಿ ಅಂತ. 2019ರಲ್ಲಿ ಹುವಾವೇ ಫೋನಿನ ಮೂನ್ ಮೋಡ್ ಬಗ್ಗೆಯೂ ಇದೇ ಗಲಾಟೆ ಆಗಿತ್ತು. ಚಂದ್ರ ಯಾವಾಗ್ಲೂ ನಮಗೆ ಒಂದೇ ಮುಖ ತೋರ್ಸೋದು, ಅದಕ್ಕೆ ಎಐಗೆ ಅಷ್ಟು ಸುಲಭ, ಹಾಸನದಲ್ಲಿ ತೆಗೆದ್ರೂ ಹವಾಯಿಯಲ್ಲಿ ತೆಗೆದ್ರೂ ಟೈಕೋ ಕುಳಿ ಅದೇ ಜಾಗದಲ್ಲಿ.

ನಾನೂ ಮಾಡಿ ನೋಡ್ದೆ, ನಂದು ಬೇರೆ ಕಂಪನಿ ಫೋನು. ಲ್ಯಾಪ್‌ಟಾಪಲ್ಲಿ ಚಂದ್ರನ್ನ ಮಸುಕು ಮಾಡಿ ದೇವರ ಮನೆ ಹತ್ರ ಇಟ್ಟು, ಹಾಲಿನ ಈ ತುದಿಯಿಂದ ತೆಗೆದೆ. ನಾನೇ ಅಳಿಸಿದ್ದ ಟೈಕೋ, ಅದರಿಂದ ಹೊರಟ ಬಿಳಿ ಗೆರೆಗಳು, ಎಲ್ಲ ಫೋಟೋದಲ್ಲಿ ಹಾಜರ್. ಮಗಳು ಕೇಳಿದ್ಲು, "ಅಪ್ಪ, ಹಾಗಾದ್ರೆ ಇದು ಫೋಟೋನಾ ಡ್ರಾಯಿಂಗಾ?" ನೀವು ಅಂಗಡೀಲಿ ಫೋನ್ ಹಿಡಿದಾಗ ಈ ಒಂದು ಪ್ರಶ್ನೆ ತಲೇಲಿಟ್ಕೊಳ್ಳಿ: ಚಂದ್ರನ್ನ ಅಷ್ಟು ಚೆನ್ನಾಗಿ ತೆಗೆಯೋ ಕ್ಯಾಮೆರಾ ಅದೇ ಆಕಾಶದಲ್ಲಿರೋ ಗುರುವಿನ ಪಟ್ಟೆ ಯಾಕೆ ತೆಗೆಯಲ್ಲ? ಶನಿಗೆ ಹಿಡಿದ್ರೆ ಯಾಕೆ ಬರೀ ಎಣ್ಣೆ ಬಿದ್ದ ಹಾಗಿರೋ ಚುಕ್ಕೆ ಬರುತ್ತೆ? ಫೋನಿನ ಝೂಮ್ ಲೆನ್ಸಿನ ಬಾಯಿ ಕೆಲವೇ ಎಂಎಂ. ಗಾಜಿನದ್ದೇ ಆದ ಝೂಮ್ 5ಕ್ಕೋ 10ಕ್ಕೋ ನಿಲ್ಲುತ್ತೆ, ಅಲ್ಲಿಂದ ನೂರರವರೆಗೆ ಕತ್ತರಿಸಿ ಹಿಗ್ಗಿಸೋ ಕೆಲಸ. ಅದೂ ಫೋನಿನ 1 ಎಕ್ಸ್ ಅನ್ನೋದು ಅಗಲವಾಗಿ ನೋಡೋ ಲೆನ್ಸು, ಹಾಗಾಗಿ ಅದರ 10 ಬೇರೆ, ಬೈನಾಕ್ಯುಲರಿನ 10 ಬೇರೆ. ನಿಮ್ಮ ಕಾರ್ಟಲ್ಲಿರೋ 675ಕ್ಕೂ ಈ 100ಕ್ಕೂ ಏನೂ ವ್ಯತ್ಯಾಸ ಇಲ್ಲ, ಎರಡೂ ಅಂಗೈಲಿ ಅರಮನೆ ತೋರ್ಸೋ ನಂಬರ್ರೇ. ಅದಕ್ಕೇ ನಿಮ್ಮ "ಅದಾ ಇದಾ" ಅನ್ನೋ ಪ್ರಶ್ನೇನೇ ನಂಗೆ ಒಪ್ಪಿಗೆ ಇಲ್ಲ.

ನಿಮ್ಮ ಮಗಳಿಗೆ ಫೋಟೋ ಬೇಕಾ, ನೋಡೋದು ಬೇಕಾ? ಫೋಟೋ ಬೇಕಿದ್ರೆ ನಾಸಾ ಸೈಟಲ್ಲಿ ಕಸ್ಸೀನಿ ನೌಕೆ ಶನಿಯ ಸುತ್ತಲೇ 2004ರಿಂದ 2017ರವರೆಗೆ ಇದ್ದು ತೆಗೆದಿದ್ದು ರಾಶಿ ಇದೆ, ಕಾಸು ಕೊಡೋದೇ ಬೇಡ. ಈಗಿನ ಮಕ್ಕಳಿಗಂತೂ ಫೋಟೋ ನಂಬೋದೇ ಕಷ್ಟ ಆಗಿದೆ. 2025ರಲ್ಲಿ 3ಐ ಅಟ್ಲಾಸ್ ಧೂಮಕೇತು ಬಂದಾಗ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಅದು ಲೋಹದ ಹಡಗು ಅಂತ ಎಐ ವಿಡಿಯೋ ಓಡಾಡ್ತು, ಬಾಹ್ಯಾಕಾಶದಲ್ಲಿರೋ ಹಬಲ್ ಟೆಲಿಸ್ಕೋಪ್ ತೆಗೆದ ನಿಜವಾದ ಚಿತ್ರ ಅಂದ್ರೆ ಒಂದು ಮಸುಕು ಹನಿ, ಅದನ್ನ ಯಾರೂ ಫಾರ್ವರ್ಡ್ ಮಾಡ್ಲಿಲ್ಲ. ಕಣ್ಣಲ್ಲೇ ನೋಡಿದ್ದಕ್ಕೆ ಬೆಲೆ ಇರೋದು ಈಗಲೇ.

ಸ್ಮಾರ್ಟ್ ಟೆಲಿಸ್ಕೋಪ್ ತಗೊಳ್ಳಿ ಅಂತ ಇನ್ನೊಬ್ರು ಉತ್ತರ ಬರೆದೇ ಬರೀತಾರೆ, ಅದಕ್ಕೂ ಹೇಳಿಬಿಡ್ತೀನಿ. ಸೀಸ್ಟಾರ್ ಎಸ್50 ಅಂತ ಇದೆ, 2023ರಲ್ಲಿ ಬಂದಿದ್ದು, ಸ್ನೇಹಿತನ ಹತ್ರ ಇದೆ. ಬಹಳ ಒಳ್ಳೇ ವಸ್ತು, ನಾನು ಕೈ ಮುಗೀತೀನಿ. ತಾನೇ ನಕ್ಷತ್ರಗಳ ಫೋಟೋ ತೆಗೆದು ಎಲ್ಲಿ ನೋಡ್ತಿದ್ದೀನಿ ಅಂತ ಕಂಡ್ಕೊಳ್ಳುತ್ತೆ, ಹತ್ತತ್ತು ಸೆಕೆಂಡಿನ ಚಿತ್ರಗಳನ್ನ ಒಂದರ ಮೇಲೊಂದು ಪೇರಿಸಿ, ಬೆಂಗಳೂರಿನ ಬೀದಿದೀಪಗಳ ಮಧ್ಯೇನೂ ಓರಿಯನ್ ನೆಬ್ಯುಲಾದ ಕೆಂಪು ಮೋಡ ಎತ್ತಿ ಕೊಡುತ್ತೆ. ಅದು ಕಟ್ಟುಕತೆ ಅಲ್ಲ, ಆಕಾಶದಿಂದ ಬಂದ ಬೆಳಕನ್ನೇ ಕೂಡಿಸೋದು, ಫೋನಿನ ಚಂದ್ರನ ಜೊತೆ ಹೋಲಿಸ್ಬೇಡಿ. ಆದ್ರೆ ಅದು ನಿಮ್ಮ ಬಜೆಟ್ಟಲ್ಲಿ ಬರಲ್ಲ, ಐಪೀಸೇ ಇಲ್ಲ, ನೋಡ್ಬೇಕಾದ್ದು ಫೋನ್ ಪರದೇಲಿ. ಮತ್ತೆ ಶನಿಗೆ ಅದು ಆಗಲ್ಲ. ಅದರ ಫೋಕಸ್ಸು 250 ಎಂಎಂ, ಬಳೆ ಸೇರಿಸಿ ಶನಿ ಇಪ್ಪತ್ತು ಪಿಕ್ಸೆಲ್ಲೂ ಬರಲ್ಲ.

ನಂದು ಕೇಳಿದ್ರೆ, ಈ ತಿಂಗಳು ಏನೂ ಕೊಳ್ಬೇಡಿ. ಮಗಳನ್ನ ಕರ್ಕೊಂಡು ಬೇರೆಯವ್ರ ಟೆಲಿಸ್ಕೋಪಲ್ಲಿ ನೋಡಿಸಿ. ಬೆಂಗಳೂರಲ್ಲಿದ್ರೆ ನೆಹರೂ ತಾರಾಲಯದವ್ರನ್ನ ಆಕಾಶ ವೀಕ್ಷಣೆ ಯಾವಾಗ ಅಂತ ವಿಚಾರಿಸಿ, ಬೆಂಗಳೂರು ಆಸ್ಟ್ರೊನಾಮಿಕಲ್ ಸೊಸೈಟಿ ಥರದ ಹವ್ಯಾಸಿ ಗುಂಪುಗಳಿವೆ. ಮಂಗಳೂರಾದ್ರೆ ಪಿಲಿಕುಳದ ತಾರಾಲಯದಲ್ಲಿ ಕೇಳಿ. ಹವ್ಯಾಸಿಗಳಿಗೆ ತೋರ್ಸೋದಂದ್ರೆ ಹುಚ್ಚು, ಮಕ್ಕಳು ಬಂದ್ರಂತೂ ಬಿಡೋದೇ ಇಲ್ಲ.

ಹೋಗೋ ಮುಂಚೆ ಅವಳಿಗೆ ಒಂದು ವಿಷಯ ಹೇಳಿಡಿ, ಇಲ್ಲಾಂದ್ರೆ ನನ್ನ ಮಗಳ ಥರ ಮುಖ ಸಪ್ಪೆ ಮಾಡ್ಕೊಳ್ತಾಳೆ. ಶನಿಯ ಬಳೆ 2025ರ ಮಾರ್ಚಲ್ಲಿ ನಮ್ಮ ಕಡೆ ಬರೀ ಅಂಚು ತೋರ್ಸೋ ಹಾಗೆ ನಿಂತಿತ್ತು, ಹದಿನೈದು ವರ್ಷಕ್ಕೊಮ್ಮೆ ಹೆಚ್ಚುಕಮ್ಮಿ ಹಾಗಾಗುತ್ತೆ. ಆ ವರ್ಷ ಮಳೆಗಾಲ ಮುಗಿದ್ಮೇಲೆ ನಾವು ಸ್ನೇಹಿತರ ಆರಿಂಚು ಡಾಬ್ಸೋನಿಯನ್ನಲ್ಲಿ (ಸರಳ ಪೆಟ್ಟಿಗೆ ಸ್ಟ್ಯಾಂಡಿನ ಮೇಲೆ ಕೂರೋ ಕನ್ನಡಿ ಟೆಲಿಸ್ಕೋಪು) ನೋಡಿದಾಗ ಬಳೆ ಅಂದ್ರೆ ಗುಂಡಿನ ಎರಡೂ ಕಡೆ ಚುಚ್ಚಿದ ಸೂಜಿ ಅಷ್ಟೇ, "ಇದಾ ಬಳೆ?" ಅಂದ್ಲು. 1612ರಲ್ಲಿ ಗೆಲಿಲಿಯೋಗೂ ಇದೇ ಆಗಿತ್ತು, ಪಕ್ಕದಲ್ಲಿ ಇದ್ದಿದ್ದು ಎಲ್ಲಿ ಮಾಯ ಆಯ್ತು ಅಂತ ತಲೆ ಕೆಡಿಸ್ಕೊಂಡಿದ್ದ. ಈಗ ವರ್ಷವರ್ಷ ಅಗಲ ಆಗ್ತಾ ಹೋಗುತ್ತೆ, 2032ರ ಹೊತ್ತಿಗೆ ಪೂರ್ತಿ ತೆರೆದಿರುತ್ತೆ. ಅವಸರ ಏನಿಲ್ಲ.

ಅದಾದ್ಮೇಲೂ ಆಸೆ ಉಳಿದಿದ್ರೆ 10x50 (10 ಪಟ್ಟು, 50 ಎಂಎಂ ಲೆನ್ಸು) ಬೈನಾಕ್ಯುಲರ್ ಒಂದು ತಗೊಳ್ಳಿ, ನಿಮ್ಮ ಬಜೆಟ್ಟಲ್ಲಿ ಟ್ರೈಪಾಡಿಗೂ ಉಳಿಯುತ್ತೆ. ಶನಿಯ ಬಳೆ ಅದರಲ್ಲಿ ಕಾಣಲ್ಲ, ಸುಳ್ಳು ಹೇಳಲ್ಲ. ಬೇರೆ ಎಷ್ಟೋ ಕಾಣುತ್ತೆ. ತಿಪಟೂರಿನ ಹತ್ರ ಮಾವನ ತೋಟದಲ್ಲಿ ತೊಟ್ಟಿ ಕಟ್ಟೆ ಮೇಲೆ ಮೊಣಕೈ ಊರಿಸಿ ಗುರುವಿನ ಕಡೆ ಹಿಡಿದ್ರೆ ಒಂದೇ ಗೆರೇಲಿ ಚುಕ್ಕೆಗಳು, ಮಗಳು ಮೂರು ಅಂದ್ಲು, ಮಾರನೇ ದಿನ ನೋಡಿದ್ರೆ ನಾಕು, ಒಂದು ಹಿಂದಿನ ದಿನ ಗುರುವಿನ ಹಿಂದೆ ಅಡಗಿತ್ತು. ಇದನ್ನ ಯಾರೂ ಅವಳಿಗೆ ಹೇಳ್ಕೊಡ್ಲಿಲ್ಲ, ನೋಟ್‌ಬುಕ್ಕಲ್ಲಿ ಚುಕ್ಕೆ ಇಟ್ಕೊಂಡು ತಾನೇ ಲೆಕ್ಕ ಹಾಕಿದ್ಲು. ಕೃತ್ತಿಕಾ ಗುಂಪು ನೋಡಿ, ಚಂದ್ರನ್ನ ಹುಣ್ಣಿಮೇಲಿ ಬೇಡ, ಅಷ್ಟಮಿ ಆಸುಪಾಸಲ್ಲಿ ನೋಡಿ, ಬೆಳಕು ಕತ್ತಲೆ ಸೇರೋ ಅಂಚಲ್ಲಿ ಕುಳಿಗಳ ನೆರಳು ಬಿದ್ದಿರುತ್ತೆ. ವಿಕ್ರಮ್ ಲ್ಯಾಂಡರ್ ಕಾಣುತ್ತಾ ಅಂತ ಕೇಳೇ ಕೇಳ್ತಾಳೆ, ಇಲ್ಲ ಅನ್ನಿ. ಎಂಟಿಂಚಿನ ಟೆಲಿಸ್ಕೋಪಿಗೂ ಚಂದ್ರನ ಮೇಲೆ ಒಂದು ಕಿಲೋಮೀಟರಿಗಿಂತ ಚಿಕ್ಕ ಕುಳಿ ಬಿಡಿಸಿ ಕಾಣೋದು ಕಷ್ಟ.

ಟೆಲಿಸ್ಕೋಪೇ ಬೇಕು ಅಂದ್ರೆ ದುಡ್ಡು ಕೂಡಿಸಿ ಆರಿಂಚಿನ ಡಾಬ್ಸೋನಿಯನ್ ತಗೊಳ್ಳಿ, ಎಕ್ಸ್ ಎಷ್ಟು ಅಂತ ಕೇಳ್ಬೇಡಿ, ಕನ್ನಡಿ ಎಷ್ಟಗಲ ಅಂತ ಕೇಳಿ, ಸ್ಟ್ಯಾಂಡ್ ಅಲ್ಲಾಡುತ್ತಾ ನೋಡಿ. ಜೂನಿಂದ ಸೆಪ್ಟೆಂಬರ್ ಮಧ್ಯೆ ಮಾತ್ರ ಆರ್ಡರ್ ಮಾಡ್ಬೇಡಿ, ಮೋಡ ಬಿಡೋ ಹೊತ್ತಿಗೆ ರಿಟರ್ನ್ ಮಾಡೋ ದಿನ ಮುಗಿದಿರುತ್ತೆ.