ಹಳೆಯ ಪ್ರೇಮ ಕಾದಂಬರಿಯ ಪಾತ್ರ ಹಿಡಿದು ಬರೆಯುವ ಫ್ಯಾನ್ ಫಿಕ್ಷನ್ ಸ್ವಂತ ಬರಹ ಅನ್ನಿಸಿಕೊಳ್ಳುತ್ತದೆಯೇ?

ಖಂಡಿತ. ಲೇಖಕಿ ಜೀನ್ ರೀಸ್ ಅವರನ್ನೇ ನೋಡಿ. ಶಾರ್ಲೆಟ್ ಬ್ರಾಂಟೆಯ 'ಜೇನ್ ಐರ್' (1847) ಕಾದಂಬರಿ ಓದಿದವರಿಗೆ ಅಟ್ಟದಲ್ಲಿ ಕೂಡಿಹಾಕಿದ, ನಾಯಕನ ಹುಚ್ಚು ಹೆಂಡತಿ ಬರ್ತಾ ನೆನಪಿರುತ್ತಾಳೆ. ಜಮೈಕಾದಿಂದ ಮದುವೆಯಾಗಿ ಬಂದವಳು. ಕಿರುಚುತ್ತಾಳೆ, ಮನೆಗೆ ಬೆಂಕಿ ಇಡುತ್ತಾಳೆ. ತನ್ನ ಕಥೆ ಹೇಳಿಕೊಳ್ಳಲು ಮಾತ್ರ ಅವಳಿಗೆ ಒಂದು ಪುಟವೂ ಸಿಗುವುದಿಲ್ಲ.

ರೀಸ್ ಅವರನ್ನು ಚುಚ್ಚಿದ್ದು ಇದೇ. ಅವರೂ ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿ, 16ನೇ ವಯಸ್ಸಿಗೆ ಇಂಗ್ಲೆಂಡಿಗೆ ಬಂದವರು. ಆ ಚಳಿ, ಆ ಒಂಟಿತನ ಅವರಿಗೆ ಚೆನ್ನಾಗಿ ಗೊತ್ತಿತ್ತು. 1939ರ ನಂತರ ಬಹಳ ವರ್ಷ ಅವರ ಕಾದಂಬರಿಯೇ ಬರಲಿಲ್ಲ. ಸತ್ತೇ ಹೋಗಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಕಾಯಿಲೆ, ಬಡತನದ ನಡುವೆ ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದ, ಬರ್ತಾಳ ಕಥೆಯನ್ನೇ ಹೇಳುವ ಕಾದಂಬರಿ 'ವೈಡ್ ಸರ್ಗಾಸೋ ಸೀ' 1966ರಲ್ಲಿ ಬಂತು. ಆಗ ಅವರಿಗೆ 76.

ಅದರಲ್ಲಿ ಆ ಹೆಂಡತಿಯ ನಿಜವಾದ ಹೆಸರು ಆಂಟೊನೆಟ್. 'ಬರ್ತಾ' ಅನ್ನುವುದು ಗಂಡ ಇಟ್ಟ ಹೆಸರು. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಹೆಸರನ್ನೇ ಕಿತ್ತುಕೊಂಡರೆ ಹೆಣ್ಣಿಗೆ ತನ್ನದು ಅಂತ ಏನು ಉಳಿಯುತ್ತದೆ, ಅಲ್ವಾ?

ನೀವೂ ಬರೆಯುವುದಾದರೆ ಸುಮ್ನೆ ನಾಯಕ ನಾಯಕಿಗೆ ಇನ್ನೊಂದು ಮದುವೆ ಮಾಡಿಸಬೇಡಿ. ಮೂಲ ಕಥೆಯಲ್ಲಿ ಮಾತೇ ಸಿಗದವರು ಯಾರು ಅಂತ ಹುಡುಕಿ, ಅಲ್ಲಿಂದ ಶುರು ಮಾಡಿ.