ಒಂದೇ ಹೊಲದಲ್ಲಿ ಎರಡು ಥರ ಇಳುವರಿ: ಯೂರಿಯಾಗೆ ಮೊದಲು ಮಣ್ಣು ನೋಡಿ

ಬೀಜ, ಗೊಬ್ಬರ, ಬಿತ್ತನೆ ದಿನ ಎಲ್ಲ ಒಂದೇ ಆದರೂ ಮೇಲುಭಾಗದ ಮೆಕ್ಕೆಜೋಳ ಬಾಡ್ತಿದೆ, ಅಲ್ಲಿಗೆ ಯೂರಿಯಾ ಹೆಚ್ಚಿಗೆ ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಸರ್. ಬೆಳಿಗ್ಗೆ ಚೇತರಿಸಿಕೊಂಡು ಮಧ್ಯಾಹ್ನ ಎಲೆ ಸುರುಳುತ್ತೆ ಅಂದ್ರೆ ಕೊರತೆ ಇರೋದು ನೀರಿಗೆ.

ಮೇಲುಭಾಗದ್ದು ಮರಳು ಮಣ್ಣಾಗಿರಬಹುದು. ಒಂದು ಮೀಟರ್ ಆಳದ ಮರಳು ಮಣ್ಣು ಬೆಳೆಗೆ ಸಿಗುವ ನೀರನ್ನ ಸುಮಾರು 60–80 ಮಿ.ಮೀ. ಹಿಡಿದಿಟ್ಟರೆ, ಗೋಡು ಮಣ್ಣು (ಮರಳು, ಹೂಳು, ಜೇಡಿ ಬೆರೆತದ್ದು) 150 ಮಿ.ಮೀ. ದಾಟುತ್ತೆ. ಬೆಳೆದ ಪೈರು ಬಿಸಿಲಲ್ಲಿ ದಿನಕ್ಕೆ 5 ಮಿ.ಮೀ. ಎಳೆದರೂ, ಮಳೆ ಎರಡು ವಾರ ಕೈಕೊಟ್ಟರೆ ಮರಳು ಜಾಗ ಖಾಲಿ, ಗೋಡು ಜಾಗಕ್ಕೆ ಇನ್ನೂ ಅಷ್ಟೇ ದಿನದ ದಾಸ್ತಾನು. ಈ ಒಣಗು ತೆನೆಗೆ ರೇಷ್ಮೆ (ಕೂದಲಿನಂಥ ಎಳೆ) ಬರುವ ಹೊತ್ತಿಗೆ ಬಿದ್ದರೆ ಕಾಳು ಸರಿಯಾಗಿ ಕಟ್ಟಲ್ಲ. ಮೇಲಾಗಿ ಮರಳಲ್ಲಿ ಯೂರಿಯಾದ ಸಾರಜನಕ ಮಳೆ ಜೊತೆ ಬೇರಿಗಿಂತ ಕೆಳಗೆ ಇಳಿದುಹೋಗುತ್ತೆ.

ಆದರೆ ಒಂದು ವರ್ಷದ ಇಳುವರಿ ನೋಡಿ ಮೇಲುಭಾಗ ಕೆಟ್ಟದ್ದು ಅಂತ ತೀರ್ಮಾನಿಸಬೇಡಿ. ಮಳೆ ಜೋರಾದ ವರ್ಷ ಇದು ತಿರುಗಾಮುರುಗಾ ಆಗುತ್ತೆ: ಹೊಲದ ಕೆಳಭಾಗ ಜೇಡಿಯಾಗಿದ್ದರೆ ಅಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗದೆ ಪೈರು ಹಳದಿ ಆದರೆ, ಮೇಲೆ ಹಸಿರಾಗಿರುತ್ತೆ. ಹಳೇ ಕೊಯ್ಲುಗಳನ್ನ ಮಳೆ ಜೊತೆ ಇಟ್ಟು ನೆನಪಿಸಿಕೊಳ್ಳಿ. ಹಾಗೆ ತಿರುಗದೆ ಪ್ರತಿ ವರ್ಷವೂ ಅದೇ ಜಾಗ ಸೊರಗಿದರೆ ಎರಡು ಅಡಿ ಗುಂಡಿ ತೆಗೆದು ನೋಡಿ. ಕೆಳಗೆ ಗರಸೋ ಗಟ್ಟಿ ಪದರವೋ ಇರಬಹುದು, ಮೇಲ್ಮಣ್ಣು ಅದನ್ನ ಹೇಳಲ್ಲ.

ಮಣ್ಣು ತಿಳಿಯೋಕೆ ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಪುಡಿಮಣ್ಣು, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತೆ, ಹೂಳಿಗೆ ಒಂದೆರಡು ಗಂಟೆ, ಜೇಡಿಗೆ ಒಂದು ದಿನವೋ ಅದಕ್ಕೂ ಹೆಚ್ಚೋ. ಹೊಲದ ಮೇಲುಭಾಗದ ಮಣ್ಣಿಗೆ, ಕೆಳಭಾಗದ ಮಣ್ಣಿಗೆ ಬೇರೆ ಬೇರೆ ಬಾಟಲಿ ಮಾಡಿ. ಲ್ಯಾಬಿಗೂ ಹಾಗೇ ಬೇರೆ ಕಳಿಸಿ. ಎರಡನ್ನೂ ಬೆರೆಸಿ ಕಳಿಸಿದರೆ ಬರೋ ರಿಪೋರ್ಟು ಹೊಲದ ಯಾವ ಭಾಗದ್ದೂ ಅಲ್ಲ.

ಬಾಟಲಿ ತಳದ ಮರಳು ಪದರವೇ ದಪ್ಪ ಇದ್ದು ಮೇಲುಭಾಗ ಮರಳು ಅಂತ ಖಾತ್ರಿಯಾದರೆ ಅಲ್ಲಿಗೆ ಒಂದು ಸಲಕ್ಕೆ ಕಡಿಮೆ ನೀರು, ಬೇಗ ಬೇಗ ಕೊಡಿ. ಯೂರಿಯಾ ಒಟ್ಟು ಹೆಚ್ಚಿಸದೆ ಮೂರು ಕಂತು ಮಾಡಿ. ಕೊಟ್ಟಿಗೆ ಗೊಬ್ಬರ ಇರೋದೇ ಸ್ವಲ್ಪ ಅಂದ್ರೆ ಅದಷ್ಟೂ ಮೇಲುಭಾಗಕ್ಕೇ ಹೋಗಲಿ. ಕೆಳಭಾಗಕ್ಕೆ ಬಸಿಗಾಲುವೆ ಸಾಕು. ಜೇಡಿ ಸಡಿಲ ಆಗಲಿ ಅಂತ ಮರಳು ಮಾತ್ರ ಸುರಿಯಬೇಡಿ, ಸ್ವಲ್ಪ ಮರಳು ಬೆರೆತರೆ ಅದು ಇನ್ನೂ ಗಟ್ಟಿಯಾಗುತ್ತೆ.