‘ಚೀನೀ ಕಾನೂನಿನ ನೂರು ಪದಗಳು’: ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಚೀನಾದ ಕಾನೂನು ಪದಗಳನ್ನು ಅವುಗಳ ಇಂಗ್ಲಿಷ್ ಅರ್ಥದೊಂದಿಗೆ ಕನ್ನಡದ ಓದುಗರಿಗೆ ಪರಿಚಯಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ, ವಿಷಾದದ ಒಂದು ಸಾಲು ಬರೆದು ಮುಗಿಸದೆ, ಎಲ್ಲಿ ಎಡವಿದ್ದೀರಿ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ನೂರು ಪದಗಳಲ್ಲಿ ಒಂದೊಂದರ ಮುಂದೆಯೂ ಒಂದು ಇಂಗ್ಲಿಷ್ ಪದವಿದೆ, ಅದರ ಪಕ್ಕದಲ್ಲಿ ಒಂದು ಕನ್ನಡ ಪದವಿದೆ. ನಿಘಂಟಿನ ಲೆಕ್ಕದಲ್ಲಿ ಹೆಚ್ಚಿನವು ಸರಿಯಾಗಿಯೇ ಇವೆ. ಆದರೆ ಕಾನೂನಿನ ಪದವೊಂದು ಪ್ರಯೋಗವಾದಾಗ ಯಾರು ಯಾರಿಗೆ ಏನು ಮಾಡಬಹುದು, ಎಷ್ಟು ದಿನ ಮಾಡಬಹುದು, ಮಾತು ತಪ್ಪಿದರೆ ಯಾರ ಹಣ ಹೋಗುತ್ತದೆ ಎಂಬುದರಲ್ಲಿಯೇ ಅದರ ಅರ್ಥವಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಈ ವಿವರಗಳು ಒಂದೂ ಇಲ್ಲ.

‘ಜ್ಯೂಲ್ಯೂ’ ಮತ್ತು ‘ದೈಬು’ ಎಂಬ ಜೋಡಿಯನ್ನೇ ನೋಡಿ. ಮೊದಲನೆಯದು ಡಿಟೆನ್ಶನ್, ಎರಡನೆಯದು ಅರೆಸ್ಟ್ ಎಂದು ಬರೆದು ನೀವು ಮುಂದಿನ ಪದಕ್ಕೆ ಹೋಗಿದ್ದೀರಿ. ನಮ್ಮ ಓದುಗರ ಮನಸ್ಸಿನಲ್ಲಿ ಅರೆಸ್ಟ್ ಎಂದರೆ ಪೊಲೀಸರು ಹಿಡಿದ ಗಳಿಗೆ. ಅಲ್ಲಿಂದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಚೀನಾದ ಕ್ರಿಮಿನಲ್ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಪೊಲೀಸರು ಮೊದಲು ಮಾಡುವುದು ಜ್ಯೂಲ್ಯೂ. ಆಮೇಲೆ ಅವರು ಪ್ರೊಕ್ಯುರೇಟರೇಟ್ ಎಂಬ ಅಭಿಯೋಜನಾ ಸಂಸ್ಥೆಯ ಒಪ್ಪಿಗೆ ಕೇಳಬೇಕು. ಕೆಲವು ಬಗೆಯ ಪ್ರಕರಣಗಳಲ್ಲಿ ಹಾಗೆ ಕೇಳಲು 30 ದಿನಗಳವರೆಗೆ, ಆ ಸಂಸ್ಥೆ ತೀರ್ಮಾನಿಸಲು ಇನ್ನೂ 7 ದಿನ ಅವಕಾಶವಿದೆ. ಒಪ್ಪಿಗೆ ಸಿಕ್ಕಮೇಲೆ ಆಗುವುದೇ ದೈಬು. ಆದ್ದರಿಂದ 37 ದಿನ ಲಾಕಪ್ಪಿನಲ್ಲಿ ಇದ್ದ ಮನುಷ್ಯ ಅಲ್ಲಿನ ಕಾನೂನಿನ ಮಾತಿನಲ್ಲಿ ಇನ್ನೂ ‘ಅರೆಸ್ಟ್’ ಆಗಿರದಿರಬಹುದು, ಅಷ್ಟು ದಿನ ಅವನು ನ್ಯಾಯಾಧೀಶರೊಬ್ಬರ ಮುಖವನ್ನೂ ನೋಡಿರದಿರಬಹುದು. ತಿಂಗಳ ಹಿಂದೆಯೇ ಒಳಗೆ ಹೋದವನನ್ನು ಈಗ ಬಂಧಿಸಲಾಗಿದೆ ಎಂಬ ಸುದ್ದಿ ಓದಿ ತಬ್ಬಿಬ್ಬಾಗುವವರಿಗೆ ನಿಮ್ಮ ಲೇಖನ ದಾರಿ ತೋರಿಸಬೇಕಿತ್ತು.

ಇನ್ನು ‘ದಿಂಗ್‌ಜಿನ್’. ಇದಕ್ಕೆ ನೀವು ಡೆಪಾಸಿಟ್ ಎಂದೂ, ಕನ್ನಡದಲ್ಲಿ ಠೇವಣಿ ಎಂದೂ ಕೊಟ್ಟಿದ್ದೀರಿ. ನಿಮ್ಮ ಪಟ್ಟಿಯ ಅತ್ಯಂತ ರುಚಿಕಟ್ಟಾದ ಪದವನ್ನು ಇಲ್ಲಿ ಕಳೆದುಕೊಂಡಿರಿ. ಕಿವಿಗೆ ಒಂದೇ ಆಗಿ ಕೇಳುವ ಎರಡು ದಿಂಗ್‌ಜಿನ್‌ಗಳಿವೆ, ಸ್ವರದ ಏರಿಳಿತವೂ ಒಂದೇ. ವ್ಯತ್ಯಾಸ ಮೊದಲ ಅಕ್ಷರದ ಬರವಣಿಗೆಯಲ್ಲಿ ಮಾತ್ರ. ಒಂದರ ತಲೆಯ ಮೇಲೆ ಚಾವಣಿಯ ಗುರುತಿದೆ, ಇನ್ನೊಂದರ ಎಡಕ್ಕೆ ಮಾತಿನ ಗುರುತಿದೆ. 2021ರ ಜನವರಿ 1ರಂದು ಜಾರಿಗೆ ಬಂದ ಚೀನಾದ ನಾಗರಿಕ ಸಂಹಿತೆಯ ಪ್ರಕಾರ, ಚಾವಣಿಯ ದಿಂಗ್‌ಜಿನ್ ಕೊಟ್ಟವನೇ ಕರಾರು ಕೆಡಿಸಿದರೆ ಹಣ ಹೋಯಿತು, ಪಡೆದವನು ಕೆಡಿಸಿದರೆ ಎರಡರಷ್ಟು ಹಿಂತಿರುಗಿಸಬೇಕು. ಈ ಮೊತ್ತ ಮುಖ್ಯ ಕರಾರಿನ ಬೆಲೆಯ ಶೇ. 20 ಮೀರುವಂತಿಲ್ಲ. ಮಾತಿನ ದಿಂಗ್‌ಜಿನ್‌ಗೆ ಈ ಬಲವಿಲ್ಲ, ಸಾಮಾನ್ಯವಾಗಿ ಅದು ಬೆಲೆಯಲ್ಲಿ ಮುರಿದುಕೊಳ್ಳುವ ಮುಂಗಡ ಮಾತ್ರ. ಮನೆಯನ್ನೋ ಕಾರನ್ನೋ ಕಾಯ್ದಿರಿಸಿ ರಸೀದಿ ಪಡೆಯುವವನು ಅದರಲ್ಲಿ ಯಾವ ಅಕ್ಷರ ಬಿದ್ದಿದೆ ಎಂದು ನೋಡಿಕೊಳ್ಳದಿದ್ದರೆ ಮುಂದೆ ಪೇಚಾಡಬೇಕಾಗುತ್ತದೆ.

ಇಂಗ್ಲಿಷ್‌ನ ಡೆಪಾಸಿಟ್ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ನೀವು ಆ ಚೀಲವನ್ನು ಬಿಚ್ಚದೆಯೇ ಕನ್ನಡಕ್ಕೆ ಹೊತ್ತು ತಂದಿದ್ದೀರಿ. ಕನ್ನಡದಲ್ಲಿ ಎರಡಕ್ಕೂ ಬೇರೆಬೇರೆ ಪದಗಳು ಮೊದಲಿನಿಂದಲೂ ಇವೆ: ವ್ಯವಹಾರ ಕುದುರಿತೆಂದು ಖಾತರಿಗಾಗಿ ಕೊಡುವ ಹಣ ‘ಸಂಚಕಾರ’, ಬರಿಯ ಅಡ್ವಾನ್ಸು ‘ಮುಂಗಡ’. ಪ್ರಾಣಕ್ಕೆ ಸಂಚಕಾರ ಬಂತು ಎಂದು ದಿನವೂ ಆಡುವ ನಾವು ಆ ಪದದ ಮೂಲದಲ್ಲಿ ಹಣವಿತ್ತೆಂಬುದನ್ನು ಮರೆತಿದ್ದೇವೆ. ಇಂಗ್ಲಿಷ್ ಅನ್ನು ಬದಿಗಿಟ್ಟು ಚೀನೀ ಪದದಿಂದ ನೇರವಾಗಿ ಕನ್ನಡಕ್ಕೆ ಬಂದಿದ್ದರೆ ಇದು ನಿಮ್ಮ ಕಣ್ಣಿಗೆ ತಾನಾಗಿ ಬೀಳುತ್ತಿತ್ತು.

ಒಂದೇ ಉಚ್ಚಾರದ ಇನ್ನೊಂದು ಜೋಡಿಯನ್ನೂ ನೀವು ಒಂದೇ ಪದವೆಂದು ಭಾವಿಸಿದ್ದೀರಿ. ‘ಫಾಜಿ’ ಎಂಬುದಕ್ಕೆ ಕಾನೂನು ವ್ಯವಸ್ಥೆ ಎಂಬ ಅರ್ಥವೂ ಉಂಟು, ಕಾನೂನಿನ ಆಳ್ವಿಕೆ ಎಂಬ ಅರ್ಥವೂ ಉಂಟು. ಎರಡನೇ ಅಕ್ಷರದಲ್ಲಿ ಮೊದಲ ಅರ್ಥದ್ದಕ್ಕೆ ಕತ್ತಿಯ ಗುರುತು, ಎರಡನೆಯ ಅರ್ಥದ್ದಕ್ಕೆ ನೀರಿನ ಗುರುತು ಇರುವುದರಿಂದ ಚೀನೀಯರು ಮಾತಿನಲ್ಲಿ ಅವನ್ನು ಕತ್ತಿಯ ಫಾಜಿ, ನೀರಿನ ಫಾಜಿ ಎಂದು ಗುರುತಿಸುತ್ತಾರೆ. 1999ರ ತಿದ್ದುಪಡಿ ನೀರಿನ ಫಾಜಿಯನ್ನು ಚೀನಾದ ಸಂವಿಧಾನದ 5ನೇ ವಿಧಿಗೆ ತಂದಿತು, 2018ರ ತಿದ್ದುಪಡಿ ಪೀಠಿಕೆಯಲ್ಲಿದ್ದ ಕತ್ತಿಯನ್ನು ತೆಗೆದು ಅಲ್ಲಿಯೂ ನೀರನ್ನು ಇರಿಸಿತು. ಗಟ್ಟಿಯಾಗಿ ಓದಿದರೆ ಏನೂ ಬದಲಾದಂತೆ ಕೇಳದ ತಿದ್ದುಪಡಿ ಅದು. ನೀರಿನ ಫಾಜಿಯ ಅರ್ಥವೇನು, ಆಳುವವರನ್ನೂ ಕಾನೂನು ಕಟ್ಟಿಹಾಕುತ್ತದೆಯೋ ಅಥವಾ ಆಳುವವರು ಕಾನೂನನ್ನು ಹಿಡಿದು ಆಳುತ್ತಾರೆಯೋ ಎಂಬ ವಾದ ಇಂಗ್ಲಿಷ್ ಬಲ್ಲ ವಿದ್ವಾಂಸರಲ್ಲಿ ಇಂದಿಗೂ ನಡೆಯುತ್ತಿದೆ. ನೀವು ‘ರೂಲ್ ಆಫ್ ಲಾ’ ಎಂದು ಬರೆದು ಆ ವಾದದಲ್ಲಿ ಮೊದಲ ಪಕ್ಷ ಹಿಡಿದಿದ್ದೀರಿ. ಹಿಡಿಯಬಹುದು, ಆದರೆ ಹಿಡಿದದ್ದು ನಿಮಗೆ ಗೊತ್ತಿರಬೇಕು.

‘ಫಾರೆನ್’ ಎಂಬುದನ್ನು ‘ಕಾನೂನು ಮನುಷ್ಯ’ ಎಂದು ಕನ್ನಡಿಸಿದ್ದು ಓದಿ, ಕ್ಷಮಿಸಿ, ನಗು ಬಂತು. ವಕೀಲರ ವಿಚಾರವೇನೋ ಎಂದುಕೊಂಡೆ. ಅದು ಕಂಪನಿ, ಸಂಘಗಳಂತೆ ಕಾನೂನಿನ ಕಣ್ಣಿಗೆ ಮಾತ್ರ ವ್ಯಕ್ತಿಯಾದ ಸಂಸ್ಥೆ. ಅಲ್ಲಿನ ಆಡುಮಾತಿನಲ್ಲಿ ಕಂಪನಿಯ ಪರವಾಗಿ ಸಹಿ ಹಾಕುವ ಶಾಸನಬದ್ಧ ಪ್ರತಿನಿಧಿಯನ್ನೂ ಫಾರೆನ್ ಎಂದೇ ಕರೆಯುವುದುಂಟು, ಗೊಂದಲಕ್ಕೆ ಅದೂ ಒಂದು ಕಾರಣ. ಇಂಥ ಪದಗಳೆಲ್ಲ ಕನ್‌ಫ್ಯೂಷಿಯಸ್‌ನ ಕಾಲದವು ಎಂಬ ನಿಮ್ಮ ಮಾತೂ ನಿಲ್ಲುವುದಿಲ್ಲ. ಫಾರೆನ್ ಸೇರಿದಂತೆ ನಾಗರಿಕ ಕಾನೂನಿನ ಅನೇಕ ಪದಗಳು ಚೀನಾವನ್ನು ಆಳಿದ ಕೊನೆಯ ಅರಸುಮನೆತನವಾದ ಛಿಂಗ್‌ನ ಕೊನೆಯ ವರ್ಷಗಳಲ್ಲಿ ಜಪಾನಿನಿಂದ ಬಂದವು, ಜಪಾನೀಯರು ಅವನ್ನು ಕಟ್ಟಿಕೊಂಡದ್ದು ಹೆಚ್ಚಾಗಿ ಜರ್ಮನ್ ಕಾನೂನನ್ನು ನೋಡಿ. ಎಷ್ಟೋ ಚೀನೀ ಪದಗಳಿಗೆ ಇಂಗ್ಲಿಷ್‌ನಲ್ಲಿ ಹೊಂದುವ ಜೋಡಿ ಸಿಗದಿರುವುದಕ್ಕೆ ಇದೂ ಒಂದು ಕಾರಣ, ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಮಹಾಗೋಡೆ, ಡ್ರ್ಯಾಗನ್, ಚಹಾ ಇರುವ ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ಚೀನಾದ ಸಂಸತ್ತು ಮಾಡಿದ ಕಾನೂನು, ಅಲ್ಲಿನ ಮಂತ್ರಿಮಂಡಲದಂಥ ರಾಜ್ಯ ಪರಿಷತ್ತಿನ ವಿನಿಯಮ, ಇಲಾಖೆಗಳ ನಿಯಮ ಈ ಮೂರಕ್ಕೂ ‘ಕಾಯಿದೆ’ ಎಂದೇ ಬರೆದಿದ್ದೀರಿ. ನಮ್ಮ ವಿಧಾನಸೌಧದ ಕಡತಗಳಲ್ಲೇ ಈ ಮೂರು ಹಂತಕ್ಕೂ ಬೇರೆ ಪದಗಳಿವೆ, ಅವನ್ನೇ ಬಳಸಿ.

ಮತ್ತೆ ಬರೆಯುವುದಾದರೆ ಪದಗಳು ಹತ್ತನ್ನು ಮೀರದಿರಲಿ, ದಿಂಗ್‌ಜಿನ್‌ನಿಂದಲೇ ಆರಂಭಿಸಿ. ಆ ಎರಡು ಅಕ್ಷರಗಳನ್ನು ದೊಡ್ಡದಾಗಿ ಬರೆದು ಪ್ರತ್ಯೇಕ ಹಾಳೆಯಲ್ಲಿ ಕಳುಹಿಸಿಕೊಡಿ. ಅವನ್ನು ಚಿತ್ರವಾಗಿ ಅಚ್ಚು ಹಾಕಿಸುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ